ಗಣಕಯಂತ್ರದಲ್ಲಿ ಕಡತಗಳ ವ್ಯವಸ್ಥೆ

ಕಣಜದಲ್ಲಿ ತುಂಬಿಟ್ಟ ಭತ್ತದಿಂದ ಒಂದು ಸೇರು ತೆಗೆದುಕೊಳ್ಳುವುದಕ್ಕೆ ಯಾವ ಪಟ್ಟಿಯೂ ಬೇಕಾಗುವುದಿಲ್ಲ. ಒಂದು ಸೇರಿಗೂ ಇನ್ನೊಂದು ಸೇರಿಗೂ ಭೇದವಿಲ್ಲವಷ್ಟೆ. ಪುಸ್ತಕ ಭಂಡಾರದ ಮಾತು ಬೇರೆ. ಅಲ್ಲಿ ಪ್ರತಿಯೊಂದು ಪುಸ್ತಕವೂ ಉಳಿದವುಗಳಿಂದ ಭಿನ್ನ. ಸಾವಿರಾರು ಪುಸ್ತಕಗಳ ನಡುವೆ ನಮಗೆ ಬೇಕಾದುದು ಎಲ್ಲಿದೆಯೆಂದು ತಿಳಿಯದಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ. ಗಣಕಯಂತ್ರದಲ್ಲಿ ನಾವು ಕೂಡಿಡುವ ಕಡತಗಳು ಭತ್ತದ ಜಾತಿಗೆ ಸೇರಿದವಲ್ಲ, ಪುಸ್ತಕದ ಜಾತಿಗೆ ಸೇರಿದವು. ಆದರೂ ನಮ್ಮಲ್ಲಿ ಬಹುಮಂದಿ ಅವುಗಳನ್ನು ಕಣಜಕ್ಕೆ ಸುರಿಯುವಂತೆ ಸುರಿಯುತ್ತೇವೆ.

ಇದರಿಂದ ಒದಗುವ ನಷ್ಟ ಅಲ್ಪವಾದುದಲ್ಲ. 1969ರ ಜುಲೈ ತಿಂಗಳಲ್ಲಿ ಮಾನವನು ಚಂದ್ರನ ಮೇಲೆ ಮೊದಲ ಬಾರಿಗೆ ಕಾಲಿರಿಸಿದಾಗ ಅಲ್ಲಿಂದ ಬಂದ ದೂರದರ್ಶನದ ಸಂಕೇತಗಳನ್ನು ಭೂಮಿಯ ಮೇಲಿನ ಕೇಂದ್ರಗಳಲ್ಲಿ ಕಾಂತಪಟ್ಟಿಗಳ ಮೇಲೆ ದಾಖಲು ಮಾಡಿಕೊಂಡಿದ್ದರು. ಜನರು ಮನೆಯಲ್ಲಿ ಕಂಡ ಚಿತ್ರಗಳಿಗಿಂತ ಆ ಮೂಲ ದಾಖಲೆಗಳು ಹೆಚ್ಚು ಸ್ಪಷ್ಟವಾದವು. ವರ್ಷಗಳು ಕಳೆದ ಬಳಿಕ ಅವುಗಳನ್ನು ಹುಡುಕಲು ಹೊರಟಾಗ ಎಲ್ಲಿಯೂ ದೊರೆಯಲಿಲ್ಲ. ಆ ಪಟ್ಟಿಗಳನ್ನು ಅಳಿಸಿ ಬೇರೆ ದಾಖಲೆಗಳಿಗಾಗಿ ಮತ್ತೆ ಬಳಸಿರಬೇಕೆಂದು 2009ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೇ ತಿಳಿಸಿತು. ದೂರದರ್ಶನ ಕೇಂದ್ರಗಳಲ್ಲಿ ಉಳಿದಿದ್ದ ಪ್ರತಿಗಳಿಂದ ಆ ದೃಶ್ಯಗಳು ಇಂದಿಗೂ ನಮಗೆ ಲಭ್ಯವಾಗಿವೆ. ಮೂಲವು ಮಾತ್ರ ಹೋಯಿತು. ಅಷ್ಟು ದೊಡ್ಡ ಸಂಸ್ಥೆಗೆ ಒದಗಿದ ಸಂಕಟ ವಿದ್ಯಾರ್ಥಿಯೊಬ್ಬನಿಗೂ ಒದಗಬಹುದು. ಪ್ರಯೋಗದ ವರದಿ, ಅಂಕಪಟ್ಟಿಯ ಪ್ರತಿ, ವರ್ಷವಿಡೀ ಬರೆದ ಟಿಪ್ಪಣಿ, ಇವು ಬೇಕಾದ ದಿನ ಸಿಕ್ಕದಿದ್ದರೆ ಆಗುವ ಹಾನಿಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಕಡತಗಳನ್ನು ಕ್ರಮವಾಗಿ ಇಡುವುದಕ್ಕೆ ವಿಶೇಷ ಪಾಂಡಿತ್ಯವೇನೂ ಬೇಡ. ಆದರೆ ಯಂತ್ರವು ಅವುಗಳನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬುದನ್ನು ಅರಿತರೆ, ನಾವು ಅನುಸರಿಸಬೇಕಾದ ನಿಯಮಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಮೊದಲು ಅದನ್ನು ವಿಚಾರ ಮಾಡೋಣ.

ಕಡತವೆಂದರೇನು?

ಗಣಕಯಂತ್ರಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಗಳು. ಇಂಥ ಒಂದು ಅಂಕಕ್ಕೆ ಬಿಟ್ ಎಂದೂ, 8 ಬಿಟ್‌ಗಳ ಗುಂಪಿಗೆ ಬೈಟ್ ಎಂದೂ ಹೆಸರು. ಬರಹವಾಗಲಿ, ಸಂಗೀತವಾಗಲಿ, ಛಾಯಾಚಿತ್ರವಾಗಲಿ, ಯಂತ್ರದ ಒಳಗೆ ಎಲ್ಲವೂ ಬೈಟುಗಳ ಸಾಲೇ. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಯೂನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದಕ್ಕೆ ಐದು ಸಂಕೇತಗಳು ಬೇಕು: ಕ, ನ, ಒತ್ತಕ್ಷರವನ್ನು ಸೂಚಿಸುವ ವಿರಾಮಚಿಹ್ನೆ, ಮತ್ತೊಂದು ನ, ಕಡೆಯಲ್ಲಿ ಡ. ಕಡತದಲ್ಲಿ ಬರೆಯುವಾಗ ಸಾಮಾನ್ಯವಾಗಿ ಒಂದೊಂದು ಸಂಕೇತಕ್ಕೆ 3 ಬೈಟುಗಳಂತೆ ಒಟ್ಟು 15 ಬೈಟುಗಳಾಗುತ್ತವೆ. ಹೀಗೆ ಒಂದು ಉದ್ದೇಶಕ್ಕಾಗಿ ಒಟ್ಟುಗೂಡಿಸಿ ಒಂದು ಹೆಸರಿನಿಂದ ಕರೆಯುವ ಬೈಟುಗಳ ಸಾಲಿಗೆ ಕಡತ ಅಥವಾ ಫೈಲು ಎನ್ನುತ್ತೇವೆ.

ಈ ಕಡತವು ಸಂಗ್ರಾಹಕದಲ್ಲಿ ಎಲ್ಲಿರುತ್ತದೆ? ಸಂಗ್ರಾಹಕವನ್ನು ಸಮಾನ ಗಾತ್ರದ ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದು ಮನೆಯಲ್ಲಿ ಬಹುಮಟ್ಟಿಗೆ 4096 ಬೈಟುಗಳು ಹಿಡಿಯುತ್ತವೆ. ದೊಡ್ಡ ಕಡತವಾದರೆ ಅದನ್ನು ತುಂಡುಗಳಾಗಿ ಮಾಡಿ ಖಾಲಿ ಇರುವ ಮನೆಗಳಲ್ಲಿ ಇರಿಸಲಾಗುತ್ತದೆ. ಆ ಮನೆಗಳು ಒಂದರ ಪಕ್ಕದಲ್ಲಿ ಒಂದು ಇರಲೇಬೇಕೆಂಬ ನಿಯಮವಿಲ್ಲ. ಯಾವ ಕಡತದ ಯಾವ ತುಂಡು ಯಾವ ಮನೆಯಲ್ಲಿದೆ ಎಂಬ ಲೆಕ್ಕವನ್ನು ಯಂತ್ರವು ಒಂದು ಕೋಷ್ಟಕದಲ್ಲಿ ಬರೆದಿಡುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಕಡತದ ಹೆಸರು ಸಾಮಾನ್ಯವಾಗಿ ಕಡತದ ಒಳಗೆ ಇರುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಮೊದಲಾದವರು 1969ರಿಂದ ರೂಪಿಸಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ಕ್ರಮಸಂಖ್ಯೆಯಿರುತ್ತದೆ. ನಾವು ಫೋಲ್ಡರ್ ಎಂದು ಕರೆಯುವ ಕೋಶವು ಒಂದು ಪಟ್ಟಿ ಮಾತ್ರ. ಅದರ ಒಂದು ಕಡೆ ಹೆಸರು, ಇನ್ನೊಂದು ಕಡೆ ಆ ಹೆಸರಿನ ಕಡತದ ಕ್ರಮಸಂಖ್ಯೆ. ಬೇರೆ ವ್ಯವಸ್ಥೆಗಳಲ್ಲಿ ವಿವರಗಳು ಭಿನ್ನವಾದರೂ ತತ್ತ್ವವು ಹೆಚ್ಚುಕಡಿಮೆ ಇದೇ. ತೆರೆಯ ಮೇಲೆ ಕೋಶವು ಒಂದು ಪೆಟ್ಟಿಗೆಯಂತೆ ಕಾಣುವುದು ನಮ್ಮ ಅನುಕೂಲಕ್ಕಾಗಿ. ಅದರ ನಿಜಸ್ವರೂಪವು ಪುಸ್ತಕದ ಬೀರುವಿಗಿಂತ ಪುಸ್ತಕಗಳ ಸೂಚಿಗೆ ಹತ್ತಿರವಾದುದು.

ಈ ತತ್ತ್ವದಿಂದ ಕೆಲವು ನಿತ್ಯಾನುಭವಗಳಿಗೆ ಕಾರಣ ತಿಳಿಯುತ್ತದೆ. ದೊಡ್ಡದೊಂದು ಚಲಚ್ಚಿತ್ರವನ್ನು ಒಂದು ಕೋಶದಿಂದ ಅದೇ ಸಂಗ್ರಾಹಕದ ಇನ್ನೊಂದು ಕೋಶಕ್ಕೆ ಒಯ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಅದನ್ನೇ ಬೇರೊಂದು ಸಂಗ್ರಾಹಕಕ್ಕೆ ಒಯ್ದರೆ ಬಹಳ ಹೊತ್ತು ಹಿಡಿಯುತ್ತದೆ. ಏಕೆ? ಮೊದಲನೆಯ ಸಂದರ್ಭದಲ್ಲಿ ಬೈಟುಗಳು ಕದಲುವುದೇ ಇಲ್ಲ. ಒಂದು ಪಟ್ಟಿಯಿಂದ ಹೆಸರನ್ನು ಹೊಡೆದು ಇನ್ನೊಂದರಲ್ಲಿ ಬರೆದರಾಯಿತು. ಎರಡನೆಯದರಲ್ಲಿ ಎಲ್ಲ ಬೈಟುಗಳನ್ನೂ ನಕಲು ಮಾಡಬೇಕು. ಕಡತವನ್ನು ಸಂಪೂರ್ಣವಾಗಿ ಅಳಿಸಿದಾಗಲೂ ಯಂತ್ರವು ಮೊದಲು ಮಾಡುವುದು ಪಟ್ಟಿಯಿಂದ ಹೆಸರನ್ನು ತೆಗೆದು ಆ ಮನೆಗಳು ಖಾಲಿಯೆಂದು ಗುರುತು ಹಾಕುವುದನ್ನಷ್ಟೆ. ಆದುದರಿಂದಲೇ ಹಳೆಯ ತಿರುಗುಫಲಕದ ಸಂಗ್ರಾಹಕಗಳಲ್ಲಿ ಅಳಿಸಿದುದನ್ನು ನಿಪುಣರು ಕೆಲವೊಮ್ಮೆ ಮತ್ತೆ ಪಡೆಯಬಲ್ಲರು. ಇತ್ತೀಚಿನ ಅರೆವಾಹಕ ಸಂಗ್ರಾಹಕಗಳಲ್ಲಿ ಖಾಲಿಯೆಂದು ಗುರುತಾದ ಮನೆಗಳು ಬೇಗನೆ ನಿಜವಾಗಿಯೂ ಬರಿದಾಗುವ ಸಂಭವ ಹೆಚ್ಚು. ಅವುಗಳ ವಿಷಯದಲ್ಲಿ ಈ ಆಸೆಯನ್ನು ನೆಚ್ಚುವಂತಿಲ್ಲ.

ಇನ್ನೊಂದು ಮುಖ್ಯವಾದ ಫಲಿತಾಂಶವೂ ಇದರಿಂದ ಹೊರಡುತ್ತದೆ. ಹೆಸರು, ಸಂಖ್ಯೆ, ಸ್ಥಾನ ಮೊದಲಾದ ವಿವರಗಳಷ್ಟೇ ಯಂತ್ರದ ಲೆಕ್ಕದಲ್ಲಿರುವುದು. ಆ ಕಡತ ನಮಗೆ ಎಷ್ಟು ಬೆಲೆಬಾಳುವುದು, ಯಾವುದಕ್ಕೆ ಸಂಬಂಧಿಸಿದುದು ಎಂಬ ಅರ್ಥವನ್ನು ನಾವು ಹೆಸರಿನ ಮೂಲಕವೂ ಕೋಶದ ಮೂಲಕವೂ ತುಂಬಿದರೆ ಉಂಟು, ಇಲ್ಲವಾದರೆ ಇಲ್ಲ.

ವೃಕ್ಷದ ಕಲ್ಪನೆ ಮತ್ತು ಅದರ ಮಿತಿ

1956ರಲ್ಲಿ ಐಬಿಎಂ ಸಂಸ್ಥೆಯು ರಾಮ್ಯಾಕ್ ಎಂಬ ಯಂತ್ರವನ್ನು ಹೊರತಂದಿತು. ಅದರ ಸಂಗ್ರಾಹಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ತಿರುಗುತ್ತಿದ್ದವು. ಇಷ್ಟೆಲ್ಲ ಇದ್ದೂ ಅದು ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದಿನ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವೇ ಅದನ್ನು ತುಂಬಿಬಿಡಬಹುದು. ಅಷ್ಟು ಕಿರಿದಾದ ಜಾಗದಲ್ಲಿ ಒಂದೇ ಪಟ್ಟಿ ಸಾಕಾಗಿತ್ತು. ಸಂಗ್ರಾಹಕಗಳು ದೊಡ್ಡವಾಗಿ, ಒಂದೇ ಯಂತ್ರವನ್ನು ಹಲವರು ಬಳಸತೊಡಗಿದ ಮೇಲೆ ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ ಎಂಬ ಏರ್ಪಾಡು ಅಗತ್ಯವಾಯಿತು. ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ಡೇಲಿ ಮತ್ತು ನ್ಯೂಮನ್ ಎಂಬಿಬ್ಬರು 1965ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ವೃಕ್ಷರೂಪದ ಏರ್ಪಾಡು ಸ್ಪಷ್ಟವಾಗಿ ವಿವರಿಸಲ್ಪಟ್ಟಿದೆ. ಬುಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯ ತುದಿಯಲ್ಲಿ ಎಲೆ, ಎಲೆಯೇ ಕಡತ. ಕಚೇರಿಯ ಮೇಜಿನ ಮೇಲಿನ ರಟ್ಟಿನ ಕೋಶಗಳ ಚಿತ್ರವನ್ನು ಇದಕ್ಕೆ ತೊಡಿಸಿ ಜಿರಾಕ್ಸ್ ಸಂಸ್ಥೆ 1981ರಲ್ಲಿ ಸ್ಟಾರ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ನಮ್ಮ ತೆರೆಯ ಮೇಲೆ ಇಂದು ಕಾಣುವ ಚಿಹ್ನೆಗಳು ಆ ವಂಶಕ್ಕೆ ಸೇರಿದವು.

ವೃಕ್ಷದ ಏರ್ಪಾಡು ಅತ್ಯಂತ ಉಪಯುಕ್ತವಾದುದು. ಆದರೆ ಅದರಲ್ಲಿ ಒಂದು ತೊಡಕೂ ಉಂಟು. ಒಂದು ಎಲೆ ಒಂದೇ ರೆಂಬೆಯಲ್ಲಿರಬಲ್ಲದು. 2024ರಲ್ಲಿ ಹಂಪೆಗೆ ಕಾಲೇಜಿನ ಪ್ರವಾಸ ಹೋಗಿದ್ದಾಗ ತೆಗೆದ ವಿಠ್ಠಲ ದೇವಾಲಯದ ಚಿತ್ರವನ್ನು ಎಲ್ಲಿ ಇಡಬೇಕು? ‘ಪ್ರವಾಸ’ ಎಂಬ ಕೋಶದಲ್ಲೇ, ‘ಇತಿಹಾಸ’ ಎಂಬುದರಲ್ಲೇ, ‘2024’ ಎಂಬುದರಲ್ಲೇ? ಮೂರೂ ಸರಿಯೇ. ಒಂದನ್ನು ಆರಿಸಿದರೆ ಉಳಿದೆರಡು ದಾರಿಗಳಿಂದ ಹುಡುಕುವವನಿಗೆ ಅದು ಸಿಕ್ಕದು.

ಈ ಪ್ರಶ್ನೆ ಗಣಕಯಂತ್ರದೊಂದಿಗೆ ಹುಟ್ಟಿದುದಲ್ಲ. ಗ್ರಂಥಾಲಯಗಳಲ್ಲಿ ಇದು ಬಹುಕಾಲದಿಂದ ಇದ್ದುದೇ. ಇದಕ್ಕೆ ನೂತನವಾದ ಪರಿಹಾರವನ್ನು ಸೂಚಿಸಿದವರು ನಮ್ಮ ದೇಶದ ಶ್ರೀ ಎಸ್. ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಪ್ರತಿಯೊಂದು ವಿಷಯಕ್ಕೂ ಮೊದಲೇ ಒಂದು ಗೂಡು ಕಟ್ಟಿಡುವ ಬದಲು, ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ, ಆ ಮುಖಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಜೋಡಿಸಿದರೆ ಯಾವ ಹೊಸ ವಿಷಯಕ್ಕೂ ಸ್ಥಾನ ದೊರೆಯುವುದೆಂಬುದೇ ಅದರ ಸಾರ. ಮುಂದೆ ಅವರು ಈ ಮುಖಗಳನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳಲ್ಲಿ ಅಡಕಮಾಡಿದರು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವು ಈ ಶಾಸ್ತ್ರದ ಅಧ್ಯಯನಕ್ಕೆ ಮೀಸಲಾದುದು.

ರಂಗನಾಥನ್ ಅವರ ಉಪಾಯವನ್ನು ನಾವು ಕಡತದ ಹೆಸರಿಗೆ ಅಳವಡಿಸಬಹುದು. ಕೋಶವು ಒಂದು ಮುಖವನ್ನು ಹೇಳಲಿ. ಉಳಿದ ಮುಖಗಳನ್ನು ಹೆಸರೇ ಹೇಳಲಿ. ಹಂಪೆಯ ಚಿತ್ರವು ‘ಪ್ರವಾಸ’ ಎಂಬ ಕೋಶದಲ್ಲಿ ‘2024-01-14_ಹಂಪೆ_ವಿಠ್ಠಲದೇವಾಲಯ_03’ ಎಂಬ ಹೆಸರಿನಿಂದ ಇದ್ದರೆ, ಕಾಲದಿಂದ ಹುಡುಕಿದರೂ ಸಿಕ್ಕುತ್ತದೆ, ದೇಶದಿಂದ ಹುಡುಕಿದರೂ ಸಿಕ್ಕುತ್ತದೆ, ವಸ್ತುವಿನಿಂದ ಹುಡುಕಿದರೂ ಸಿಕ್ಕುತ್ತದೆ.

ಯಂತ್ರದಲ್ಲಿ ಹುಡುಕುವ ಸೌಕರ್ಯವಿರುವಾಗ ಇಷ್ಟೆಲ್ಲ ಶ್ರಮವೇಕೆಂದು ಕೆಲವರು ಕೇಳಬಹುದು. ಹುಡುಕುವ ಸೌಕರ್ಯವು ಮುಖ್ಯವಾಗಿ ಪದಗಳನ್ನು ಹುಡುಕುತ್ತದೆ. ಫೋನು ತಾನಾಗಿ ‘ಐಎಂಜಿ 0457’ ಎಂದು ಹೆಸರಿಟ್ಟ ಚಿತ್ರದ ಹೆಸರಿನಲ್ಲಿ ಹಂಪೆ ಎಂಬ ಪದವೇ ಇಲ್ಲ. ಚಿತ್ರದೊಳಗಿನ ವಸ್ತುವನ್ನು ಗುರುತಿಸುವ ಕ್ರಮವಿಧಿಗಳು ಈಚೆಗೆ ಬಂದಿವೆ. ಅವು ದೇವಾಲಯವೆಂದು ಗುರುತಿಸಬಹುದು. ಆದರೆ ಆ ಚಿತ್ರವು ನಮ್ಮ ಇತಿಹಾಸದ ವರದಿಯ ಮೂರನೆಯ ಪುಟಕ್ಕೆ ಬೇಕಾದುದು ಎಂಬುದನ್ನು ನಾವೇ ಹೇಳಬೇಕು.

ಹೆಸರಿಡುವ ಕ್ರಮ

ಹೆಸರಿನ ಆರಂಭದಲ್ಲಿ ವರ್ಷ, ಅನಂತರ ತಿಂಗಳು, ಕಡೆಗೆ ದಿನ ಬಂದುದನ್ನು ವಾಚಕರು ಗಮನಿಸಿರಬಹುದು. ಇದು ನಮ್ಮ ವಾಡಿಕೆಗೆ ವಿರುದ್ಧ. ಕಾರಣವೇನೆಂಬುದನ್ನು ನೋಡೋಣ.

ಯಂತ್ರವು ಹೆಸರುಗಳನ್ನು ನಿಘಂಟಿನಂತೆ ಜೋಡಿಸುತ್ತದೆ. ಎರಡು ಹೆಸರುಗಳನ್ನು ಎಡದಿಂದ ಆರಂಭಿಸಿ ಒಂದೊಂದೇ ಅಕ್ಷರವಾಗಿ ಹೋಲಿಸುತ್ತದೆ. ಎಲ್ಲಿ ಭೇದ ಕಂಡಿತೋ ಅಲ್ಲಿಯೇ ತೀರ್ಮಾನ. ಮುಂದಿನದನ್ನು ನೋಡುವುದೇ ಇಲ್ಲ. ‘ಪಾಠ 2’ ಮತ್ತು ‘ಪಾಠ 10’ ಇವೆರಡನ್ನು ಹೋಲಿಸುವಾಗ 2 ಮತ್ತು 1 ಎದುರಾಗುತ್ತವೆ. 1 ಚಿಕ್ಕದು; ಆದುದರಿಂದ ಹತ್ತನೆಯ ಪಾಠವು ಎರಡನೆಯದಕ್ಕಿಂತ ಮುಂದೆ ಬಂದು ಕೂರುತ್ತದೆ. ಇಂದಿನ ಕೆಲವು ಕ್ರಮವಿಧಿಗಳು ಸಂಖ್ಯೆಯನ್ನು ಗುರುತಿಸಿ ಈ ದೋಷವನ್ನು ಸರಿಪಡಿಸುತ್ತವೆ. ಎಲ್ಲವೂ ಹಾಗೆ ಮಾಡುವುದಿಲ್ಲ. ‘ಪಾಠ 02’, ‘ಪಾಠ 10’ ಎಂದು ಸೊನ್ನೆಯನ್ನು ಸೇರಿಸಿ ಬರೆದರೆ ಎಲ್ಲಿಯೂ ಕ್ರಮ ತಪ್ಪದು.

ದಿನಾಂಕದ ಮಾತೂ ಹೀಗೆಯೇ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೆಯ ತಾರೀಖುಗಳು ಒಂದೆಡೆ, ಎರಡನೆಯ ತಾರೀಖುಗಳು ಇನ್ನೊಂದೆಡೆ ಸೇರುತ್ತವೆ, ಕಾಲಕ್ರಮ ಕೆಡುತ್ತದೆ. ನಮ್ಮ ದಶಮಾಂಶ ಪದ್ಧತಿಯಲ್ಲಿ ಹೆಚ್ಚು ಬೆಲೆಯ ಅಂಕ ಎಡಕ್ಕಿರುವಂತೆ ದಿನಾಂಕದಲ್ಲಿಯೂ ದೊಡ್ಡ ಮಾನವಾದ ವರ್ಷವನ್ನು ಎಡಕ್ಕಿರಿಸಿದರೆ, ಅಕ್ಷರಕ್ರಮವೂ ಕಾಲಕ್ರಮವೂ ಒಂದೇ ಆಗುತ್ತವೆ. 1988ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಪ್ರಕಟಿಸಿದ 8601ನೆಯ ಮಾನಕವೂ ಇದೇ ಕ್ರಮವನ್ನು ವಿಧಿಸಿದೆ. ಇದರಿಂದ ಇನ್ನೊಂದು ಲಾಭವೂ ಉಂಟು. 05-08-2025 ಎಂದರೆ ನಮಗೆ ಆಗಸ್ಟ್ ಐದು, ಅಮೆರಿಕದವರಿಗೆ ಮೇ ಎಂಟು. 2025-08-05 ಎಂದು ಬರೆದರೆ ಆ ಸಂದೇಹಕ್ಕೆ ಎಡೆಯಿಲ್ಲ.

ಒಂದೇ ಬರಹವನ್ನು ತಿದ್ದಿ ತಿದ್ದಿ ಬರೆಯುವಾಗ ‘ಅಂತಿಮ’, ‘ಹೊಸ ಅಂತಿಮ’, ‘ನಿಜವಾದ ಅಂತಿಮ’ ಎಂಬ ಹೆಸರುಗಳು ಹುಟ್ಟಿಕೊಳ್ಳುವುದುಂಟು. ಯಾವುದು ಮೊದಲಿನದು, ಯಾವುದು ಕಡೆಯದು ಎಂಬುದು ಒಂದು ತಿಂಗಳ ಮೇಲೆ ಬರೆದವನಿಗೇ ತಿಳಿಯದು. ಅದರ ಬದಲು ‘ಆವೃತ್ತಿ-01’, ‘ಆವೃತ್ತಿ-02’ ಎಂದು ಎಣಿಸುತ್ತ ಹೋಗುವುದು ಲೇಸು. ಓರೆಗೆರೆ, ಪ್ರಶ್ನಚಿಹ್ನೆ, ನಕ್ಷತ್ರ, ವಿವರಣಚಿಹ್ನೆಯ ಎರಡು ಚುಕ್ಕೆ, ಇವುಗಳಿಗೆ ಕೆಲವು ವ್ಯವಸ್ಥೆಗಳಲ್ಲಿ ವಿಶೇಷಾರ್ಥವಿರುವುದರಿಂದ ಹೆಸರಿನಲ್ಲಿ ಅವು ಬೇಡ. ಕನ್ನಡದಲ್ಲಿ ಹೆಸರಿಡಲು ಅಡ್ಡಿಯೇನೂ ಇಲ್ಲ. ಆದರೆ ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟುಗಳು. ಕನ್ನಡದ ಒಂದು ಸಂಕೇತಕ್ಕೆ 3 ಬೈಟುಗಳಾದುದರಿಂದ 85 ಸಂಕೇತಗಳಿಗೆ ಆ ಮಿತಿ ಮುಗಿಯುತ್ತದೆ. ಚಿಕ್ಕದಾಗಿ ಹೆಸರಿಡುವುದಕ್ಕೆ ಇದೂ ಒಂದು ಕಾರಣ.

ಕೋಶಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮೇಲ್ಮಟ್ಟದಲ್ಲಿ ಕೋಶಗಳು ಕೆಲವೇ ಇರಲಿ: ‘ವಿದ್ಯಾಭ್ಯಾಸ’, ‘ಮನೆ’, ‘ಪ್ರಮಾಣಪತ್ರ’, ‘ಪ್ರವಾಸ’ ಎಂಬಂತೆ. ‘ವಿದ್ಯಾಭ್ಯಾಸ’ದೊಳಗೆ ವರ್ಷ, ಅದರೊಳಗೆ ವಿಷಯ. ಮೂರು ನಾಲ್ಕು ಮೆಟ್ಟಿಲಿಗಿಂತ ಆಳಕ್ಕೆ ಇಳಿದರೆ ಹುಡುಕುವುದು ತ್ರಾಸ. ಹೊಸದಾಗಿ ಬಂದ ಕಡತಗಳಿಗೆ ‘ಬಂದದ್ದು’ ಎಂಬ ಒಂದು ಕೋಶವಿರಿಸಿ, ವಾರಕ್ಕೊಮ್ಮೆ ಅದನ್ನು ವಿಂಗಡಿಸಿ ಬರಿದುಮಾಡುವ ಅಭ್ಯಾಸವಿದ್ದರೆ ರಾಶಿ ಬೆಳೆಯುವುದಿಲ್ಲ.

ಕಡತದ ರೂಪ

ಹೆಸರಿನ ತುದಿಯಲ್ಲಿ ಚುಕ್ಕೆಯ ಮುಂದೆ ಬರುವ ಕೆಲವು ಅಕ್ಷರಗಳು ಕಡತದ ರೂಪವನ್ನು, ಅಂದರೆ ಬೈಟುಗಳನ್ನು ಯಾವ ಸಂಪ್ರದಾಯದಂತೆ ಓದಬೇಕೆಂಬುದನ್ನು ಸೂಚಿಸುತ್ತವೆ. ಇದನ್ನು ಅಲಕ್ಷಿಸಿದುದರ ಫಲವನ್ನು 2020ರಲ್ಲಿ ಇಂಗ್ಲೆಂಡ್ ಅನುಭವಿಸಿತು. ಅಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗ ಎಕ್ಸೆಲ್ ಕೋಷ್ಟಕದ ಹಳೆಯ ರೂಪವನ್ನು ಬಳಸಲಾಗಿತ್ತು. ಆ ರೂಪದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದು. 16 ಬಿಟ್‌ಗಳಿಂದ ಎಣಿಸಬಹುದಾದುದು ಅಷ್ಟೇ. 2ನ್ನು 16 ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಮಿತಿಯನ್ನು ಮೀರಿದ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಮಂದಿ ಸೋಂಕಿತರು ದೈನಂದಿನ ಲೆಕ್ಕದಿಂದ ತಪ್ಪಿಹೋದರು. ಅವರ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವ ಕಾರ್ಯವೂ ತಡವಾಯಿತು. ಅದೇ ಕೋಷ್ಟಕದ ಹೊಸ ರೂಪದಲ್ಲಿ 10 ಲಕ್ಷಕ್ಕೂ ಮಿಕ್ಕಿ ಸಾಲುಗಳು ಹಿಡಿಯುತ್ತಿದ್ದವು.

ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಹತ್ತಿರವಾದುದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಿಂದ ಬರೆದ ಅಸಂಖ್ಯ ಕನ್ನಡ ಕಡತಗಳುಂಟು. ಅವುಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳನ್ನೇ ಇಟ್ಟು, ಅಕ್ಷರಶೈಲಿಯ ಸಹಾಯದಿಂದ ಕನ್ನಡದ ಆಕಾರಗಳನ್ನು ತೋರಿಸುತ್ತಿದ್ದರು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಬೈಟುಗಳೆಲ್ಲ ಇವೆ, ಬರಹ ಮಾತ್ರ ಇಲ್ಲ. ಇಂಥ ಕಡತಗಳು ಮನೆಯಲ್ಲಿದ್ದರೆ ಪರಿವರ್ತಕ ಕ್ರಮವಿಧಿಗಳು ದೊರೆಯುತ್ತಿರುವಾಗಲೇ ಅವುಗಳನ್ನು ಯೂನಿಕೋಡಿಗೆ ಮಾರ್ಪಡಿಸಿಕೊಳ್ಳುವುದು ವಿವೇಕ.

ಪ್ರತಿಗಳ ರಕ್ಷಣೆ

ಕೊನೆಯದಾಗಿ, ಎಷ್ಟು ಅಂದವಾಗಿ ಜೋಡಿಸಿದ್ದರೂ ಒಂದೇ ಪ್ರತಿಯಿದ್ದರೆ ಅದು ಒಂದು ಅಪಘಾತದಿಂದ ನಾಶವಾಗಬಹುದು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯವರು ‘ಟಾಯ್ ಸ್ಟೋರಿ 2’ ಎಂಬ ಚಿತ್ರವನ್ನು ತಯಾರಿಸುತ್ತಿದ್ದಾಗ, ಕಡತಗಳನ್ನು ಅಳಿಸುವ ಒಂದು ಆದೇಶವು ತಪ್ಪಾದ ಸ್ಥಾನದಲ್ಲಿ ನಡೆದು, ಚಿತ್ರದ ಸುಮಾರು ಶೇಕಡಾ 90 ಭಾಗ ಅಳಿಸಿಹೋಯಿತು. ಕಾಪುಪ್ರತಿಗಳಿದ್ದವು, ಆದರೆ ಅವು ಕೆಲವು ಕಾಲದಿಂದ ಸರಿಯಾಗಿ ದಾಖಲಾಗುತ್ತಿರಲಿಲ್ಲವೆಂಬುದು ಆಗ ತಿಳಿದುಬಂದಿತು. ಕೊನೆಗೆ ಚಿತ್ರವು ಉಳಿದುದು ಗ್ಯಾಲಿನ್ ಸಸ್ಮನ್ ಎಂಬ ತಂತ್ರಜ್ಞೆಯಿಂದ. ಮಗು ಹುಟ್ಟಿದ ಕಾರಣ ಮನೆಯಲ್ಲಿಯೇ ಕೆಲಸ ಮಾಡಲು ಆಕೆ ಒಂದು ಪ್ರತಿಯನ್ನು ಮನೆಯ ಯಂತ್ರದಲ್ಲಿ ಇರಿಸಿಕೊಂಡಿದ್ದರು.

ಈ ಘಟನೆಯಿಂದ ಕಲಿಯಬೇಕಾದುದು ಎರಡು. ಒಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು. ಮತ್ತು ಕಾಪುಪ್ರತಿಯನ್ನು ಆಗಾಗ ತೆರೆದು ನೋಡಿ ಪರೀಕ್ಷಿಸಬೇಕು. ತಜ್ಞರು ಇದನ್ನು 3-2-1 ಎಂಬ ಸೂತ್ರವಾಗಿ ಹೇಳುವುದುಂಟು: ಮೂರು ಪ್ರತಿಗಳು, ಎರಡು ಬಗೆಯ ಸಂಗ್ರಾಹಕಗಳಲ್ಲಿ, ಒಂದು ದೂರದ ಸ್ಥಳದಲ್ಲಿ. ವಿದ್ಯಾರ್ಥಿಗೆ ಇದು ದುಸ್ಸಾಧ್ಯವೇನಲ್ಲ. ಒಂದು ತನ್ನ ಯಂತ್ರದಲ್ಲಿ, ಒಂದು ಬಿಡಿಯಾದ ಸಂಗ್ರಾಹಕದಲ್ಲಿ, ಮತ್ತೊಂದು ಅಂತರಜಾಲದ ಮೂಲಕ ದೊರೆಯುವ ದೂರಸಂಗ್ರಹದಲ್ಲಿ ಇದ್ದರಾಯಿತು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಎರಡು ಯಂತ್ರಗಳನ್ನು ಸದಾ ಒಂದೇ ಸಮನಾಗಿ ಇಡುವ ಏರ್ಪಾಡು ಕಾಪುಪ್ರತಿಯಲ್ಲ. ಅದರಲ್ಲಿ ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ.

ಅರ್ಥಪೂರ್ಣವಾದ ಹೆಸರು, ಗೊತ್ತಾದ ಸ್ಥಾನ, ಮುಂದೆಯೂ ಓದಬಲ್ಲ ರೂಪ, ಒಂದಕ್ಕಿಂತ ಹೆಚ್ಚು ಪ್ರತಿ, ಈ ನಾಲ್ಕಿದ್ದರೆ ಕಡತವು ಸುರಕ್ಷಿತವೆನ್ನಬಹುದು. ಇವುಗಳಲ್ಲಿ ಯಾವುದೂ ಯಂತ್ರದ ವೇಗವನ್ನಾಗಲಿ ಬೆಲೆಯನ್ನಾಗಲಿ ಅವಲಂಬಿಸಿದುದಲ್ಲ. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂದು ವಿಧಿಸುತ್ತದೆ. ನಮ್ಮ ಕಡತಗಳ ಮುಂದಿನ ಓದುಗರು ಬಹುಮಟ್ಟಿಗೆ ನಾವೇ. ಇಂದು ಒಂದು ಕಡತಕ್ಕೆ ಹೆಸರಿಡಲು ವ್ಯಯಮಾಡುವ ಅರೆನಿಮಿಷ, ಪರೀಕ್ಷೆಯ ಹಿಂದಿನ ರಾತ್ರಿ ನಮಗೆ ಗಂಟೆಗಳಾಗಿ ಮರಳಿಬರುತ್ತದೆ.